ಸಿದ್ಧಿವಾಚಕ ಮತ್ತು ಯೋಗ್ಯತಾವಾಚಕ ವಿಶೇಷಣಗಳು

೧

ವಿಶೇಷಣವು ವಿಶೇಷ್ಯದ ಗುಣವನ್ನು ತಿಳಿಸತಕ್ಕುದೆಂಬುದು ವ್ಯಾಕರಣದ ಮೊದಲ ಪಾಠ. ತಿಳಿಸಬೇಕಾದರೆ ಆ ಗುಣವು ವಸ್ತುವಿನಲ್ಲಿ ಇರಬೇಕಷ್ಟೆ. ‘ಕೆಂಪು ಹೂವು’ ಎಂದಾಗ ಕೆಂಪು ಹೂವಿನಲ್ಲಿದೆ. ‘ಎತ್ತರವಾದ ಮರ’ ಎಂದಾಗ ಎತ್ತರವು ಮರದಲ್ಲಿದೆ. ಹೀಗಿರಲು, ಇನ್ನೂ ಬಾರದ ಫಲವನ್ನು ಇಂದೇ ಇರುವ ಗುಣವೆಂಬಂತೆ ಹೇಳುವ ವಿಶೇಷಣಗಳ ಗತಿಯೇನು? ಕಾಯಿ ಬಿಡದ ಗಿಡವನ್ನು ಅದರ ಕಾಯಿಯಿಂದ ಹೊಗಳುವುದು ಹೇಗೆ? ಈ ಪ್ರಶ್ನೆಯು ಕೇವಲ ಶಾಸ್ತ್ರದ ಪ್ರಶ್ನೆಯಲ್ಲ. ಶಾಲೆಯ ಉಪಾಧ್ಯಾಯನು ವಿದ್ಯಾರ್ಥಿಗೆ ಯೋಗ್ಯತಾಪತ್ರವನ್ನು ಬರೆದುಕೊಡುವಾಗಲೂ, ವಿಮರ್ಶಕನು ಹೊಸ ಕವಿಯ ಮೊದಲ ಪುಸ್ತಕಕ್ಕೆ ಮುನ್ನುಡಿಯನ್ನು ಬರೆಯುವಾಗಲೂ ಇದು ಎದುರಾಗುತ್ತದೆ.

ಇಂಗ್ಲಿಷ್ ಭಾಷೆಯಲ್ಲಿ ಮನುಷ್ಯನ ಏಳಿಗೆಯನ್ನು ಹೇಳುವ ವಿಶೇಷಣಗಳು ಎರಡು ಗುಂಪಾಗಿ ನಿಂತಿವೆ. ‘ಸಕ್ಸೆಸ್‌ಫುಲ್’, ‘ಪ್ರಾಸ್ಪರಸ್’, ‘ವಿಕ್ಟೋರಿಯಸ್’, ‘ಫ್ರೂಟ್‌ಫುಲ್’ ಮೊದಲಾದವು ಕೈಸೇರಿದ ಫಲವನ್ನು ಹೇಳುತ್ತವೆ. ‘ಪ್ರಾಮಿಸಿಂಗ್’, ‘ಬಡ್ಡಿಂಗ್’, ‘ಆಸ್ಪೈರಿಂಗ್’, ‘ಅಪ್ ಅಂಡ್ ಕಮಿಂಗ್’ ಮೊದಲಾದವು ಇನ್ನೂ ಕೈಸೇರದ, ಆದರೆ ಸೇರುವ ಲಕ್ಷಣವನ್ನು ತೋರುತ್ತಿರುವ ಫಲವನ್ನು ಹೇಳುತ್ತವೆ. ಮೊದಲನೆಯ ಗುಂಪನ್ನು ಸಿದ್ಧಿವಾಚಕಗಳೆಂದೂ ಎರಡನೆಯದನ್ನು ಯೋಗ್ಯತಾವಾಚಕಗಳೆಂದೂ ಇಲ್ಲಿ ವ್ಯವಹರಿಸಲಾಗಿದೆ.

ಕನ್ನಡದ ಬರವಣಿಗೆಯಲ್ಲಿ ಈ ಎರಡು ಗುಂಪುಗಳ ಗೆರೆ ಅಳಿಸಿಹೋಗುತ್ತಿರುವುದು ಕಾಣಬರುತ್ತದೆ. ನಾಲ್ಕು ಪದ್ಯಗಳನ್ನು ಬರೆದ ತರುಣನು ‘ಯಶಸ್ವಿ ಕವಿ’ಯಾಗುತ್ತಾನೆ, ಐವತ್ತು ದಾಟಿದ ಲೇಖಕನು ‘ಉದಯೋನ್ಮುಖ’ನಾಗಿಯೇ ಉಳಿಯುತ್ತಾನೆ. ಇಪ್ಪತ್ತು ವರ್ಷಗಳಿಂದ ಉದಯೋನ್ಮುಖನಾಗಿರುವ ಸೂರ್ಯನನ್ನು ಲೋಕದಲ್ಲಿ ಯಾರೂ ಕಂಡಿಲ್ಲ. ಮಾತು ಹೀಗೆ ಸಡಿಲವಾದರೆ ಹೊಗಳಿಕೆಗೆ ಬೆಲೆ ಹೋಗುವುದಲ್ಲದೆ, ಹೊಗಳಿಸಿಕೊಂಡವನಿಗೂ ತನ್ನ ನಿಜವಾದ ನೆಲೆ ತಿಳಿಯದೆ ಹೋಗುತ್ತದೆ. ಆದುದರಿಂದ ಈ ಪದಗಳ ವ್ಯುತ್ಪತ್ತಿಯನ್ನೂ ಪ್ರಯೋಗವನ್ನೂ ವಿಚಾರಮಾಡುವುದು ಅವಶ್ಯಕವಾಗಿದೆ.

೨

ಮೊದಲು ಇಂಗ್ಲಿಷ್ ಪದಗಳ ರಚನೆಯನ್ನು ನೋಡಬೇಕು. ‘ಸಕ್ಸೆಸ್’ ಎಂಬುದು ಲ್ಯಾಟಿನ್ನಿನ, ‘ಹಿಂದೆಯೇ ಬರು, ಅನುಸರಿಸು’ ಎಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದ್ದು. ಒಂದು ಕೆಲಸದ ಹಿಂದೆ ಬರುವುದು ಯಾವುದೋ ಅದು ‘ಸಕ್ಸೆಸ್’. ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಪದಕ್ಕೆ ಪರಿಣಾಮವೆಂದಷ್ಟೇ ಅರ್ಥವಿದ್ದು, ಒಳ್ಳೆಯ ‘ಸಕ್ಸೆಸ್’ ಎಂದೂ ಕೆಟ್ಟ ‘ಸಕ್ಸೆಸ್’ ಎಂದೂ ಹೇಳುವ ವಾಡಿಕೆಯಿತ್ತು. ಕಾಲಕ್ರಮದಲ್ಲಿ ಒಳ್ಳೆಯದು ಮಾತ್ರ ಉಳಿಯಿತು. ಕನ್ನಡದಲ್ಲಿ ಬಳಕೆಯಾಗುವ ‘ಫಲ’ ಶಬ್ದದ ಕಥೆಯೂ ಇದಕ್ಕೆ ಹತ್ತಿರವಾದುದು. ಕರ್ಮಫಲವು ಒಳ್ಳೆಯದೂ ಆಗಬಹುದು, ಕೆಟ್ಟದೂ ಆಗಬಹುದು. ಆದರೆ ‘ಸಫಲ’ವೆಂದೊಡನೆ ಸತ್ಫಲವೇ ಗ್ರಾಹ್ಯ.

‘ಪ್ರಾಮಿಸ್’ ಎಂಬುದಕ್ಕೆ ಮೂಲದ ಅರ್ಥ ‘ಮುಂದಕ್ಕೆ ಕಳುಹಿಸು’ ಎಂದು. ಮಾತನ್ನು ಮುಂದಾಗಿ ಕಳುಹಿಸುವುದೇ ವಾಗ್ದಾನ. ‘ಪ್ರಾಮಿಸಿಂಗ್’ ಎಂದರೆ, ವ್ಯಕ್ತಿಯು ಬಾಯಿಬಿಟ್ಟು ಏನನ್ನೂ ಹೇಳದಿದ್ದರೂ ಅವನ ಇಂದಿನ ನಡೆಯೇ ನಾಳೆಗೆ ವಾಗ್ದಾನ ಮಾಡುತ್ತಿದೆ ಎಂಬ ರೂಪಕ. ‘ಬಡ್ಡಿಂಗ್’ ಎಂದರೆ ಮೊಗ್ಗು ಬಿಡುತ್ತಿರುವ. ‘ಆಸ್ಪೈರಿಂಗ್’ ಎಂದರೆ ಒಂದರ ಕಡೆಗೆ ಉಸಿರನ್ನು ಚಾಚುತ್ತಿರುವ, ಎಂದರೆ ಹಂಬಲಿಸುವ. ‘ಅಪ್ ಅಂಡ್ ಕಮಿಂಗ್’ ಎಂದರೆ ಎದ್ದು ಬರುತ್ತಿರುವ.

ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಸಿದ್ಧಿಯನ್ನು ಹೇಳುವ ಪದಗಳ ಕೊನೆಯಲ್ಲಿ ‘-ಫುಲ್’, ‘-ಅಸ್’ ಎಂಬ ಪ್ರತ್ಯಯಗಳಿವೆ. ಇವುಗಳಿಗೆ ‘ತುಂಬಿದ, ಉಳ್ಳ’ ಎಂದು ಅರ್ಥ. ಯೋಗ್ಯತೆಯನ್ನು ಹೇಳುವ ಪದಗಳ ಕೊನೆಯಲ್ಲಿ ‘-ಇಂಗ್’ ಎಂಬ, ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ಕೃತ್ಪ್ರತ್ಯಯವಿದೆ. ಎಂದರೆ ಇಂಗ್ಲಿಷ್ ಭಾಷೆಯ ದೃಷ್ಟಿಯಲ್ಲಿ ಸಿದ್ಧಿಯು ಒಡವೆಯಂತೆ ಇಟ್ಟುಕೊಂಡಿರುವ ವಸ್ತು; ಯೋಗ್ಯತೆಯು ನಡೆಯುತ್ತಿರುವ ಕ್ರಿಯೆ. ‘ಫ್ಲರಿಷಿಂಗ್’, ‘ಥ್ರೈವಿಂಗ್’ ಎಂಬ ಪದಗಳು ಸಿದ್ಧಿಯನ್ನೇ ಹೇಳಿದರೂ, ನಿಂತುಹೋಗದೆ ಇನ್ನೂ ಬೆಳೆಯುತ್ತಿರುವ ಸಿದ್ಧಿಯನ್ನು ಹೇಳುವುದರಿಂದ ‘-ಇಂಗ್’ ಪ್ರತ್ಯಯವನ್ನೇ ತಾಳಿವೆ. ‘ಹೋಪ್‌ಫುಲ್’, ‘ಪೊಟೆನ್ಷಿಯಲ್’ ಮುಂತಾದ ಅಪವಾದಗಳೂ ಇಲ್ಲದಿಲ್ಲ. ಆದರೆ ‘ಹೋಪ್‌ಫುಲ್’ ಎಂಬುದು ಕೈಯಲ್ಲಿರುವ ಆಶೆಯನ್ನು ಹೇಳುತ್ತದೆ. ‘ಪೊಟೆನ್ಷಿಯಲ್’ ಎಂಬುದು ಒಳಗಿರುವ ಶಕ್ತಿಯನ್ನು ಹೇಳುತ್ತದೆ. ಇವೆರಡೂ ಇರುವ ವಸ್ತುವಿನ ಮಾತುಗಳೇ ಆದುದರಿಂದ ಮೇಲಿನ ವಿಭಾಗಕ್ಕೆ ಹೆಚ್ಚಿನ ಬಾಧಕವಿಲ್ಲ.

೩

ಕನ್ನಡವು ಈ ಅರ್ಥಗಳಿಗೆ ಸಂಸ್ಕೃತದಿಂದ ತೆಗೆದುಕೊಂಡ ಪದಗಳಲ್ಲಿಯೂ ಇಂಥದೇ ವಿಭಾಗವುಂಟು. ‘ಯಶಸ್ವಿ’ ಎಂಬುದು ಯಶಶ್ಶಬ್ದದ ಮೇಲೆ ‘ಉಳ್ಳ’ ಎಂಬರ್ಥದ ವಿನಿಪ್ರತ್ಯಯ ಬಂದು ಆದುದು. ಅದರ ಅರ್ಥ ಕೀರ್ತಿಯುಳ್ಳವನು ಎಂದು, ಗೆದ್ದವನು ಎಂದಲ್ಲ. ಕೆಲಸವನ್ನು ಸಾಧಿಸಿಯೂ ಕೀರ್ತಿ ಇಲ್ಲದವರುಂಟು; ಕೀರ್ತಿ ಇದ್ದೂ ಏನನ್ನೂ ಸಾಧಿಸದವರುಂಟು. ಕನ್ನಡದಲ್ಲಿ ಈ ಶಬ್ದವು ‘ಸಕ್ಸೆಸ್‌ಫುಲ್’ ಎಂಬುದರ ಸ್ಥಾನದಲ್ಲಿ ನೆಲೆನಿಂತಿದೆ. ರೂಢಿಯು ಯೋಗಕ್ಕಿಂತ ಬಲವಾದುದರಿಂದ ಈಗ ಇದನ್ನು ಅಸಾಧುವೆನ್ನಲಾಗದು. ಆದರೂ ಸಾಧನೆ ಮತ್ತು ಪ್ರಸಿದ್ಧಿ ಬೇರೆಬೇರೆಯಾಗಿರುವ ಕಡೆಯಲ್ಲಿ ಎಚ್ಚರದಿಂದ ಬಳಸತಕ್ಕ ಪದವಿದು.

‘ಸಫಲ’ವೆಂಬುದು ಫಲದೊಡನೆ ಕೂಡಿದುದು. ಕನ್ನಡದ ಪ್ರಯೋಗದಲ್ಲಿ ಇದು ಪ್ರಾಯಶಃ ಪ್ರಯತ್ನಕ್ಕೆ ವಿಶೇಷಣ. ‘ಪ್ರಯತ್ನ ಸಫಲವಾಯಿತು’ ಎನ್ನುತ್ತಾರೆ. ‘ಕೃತಾರ್ಥ’ವೆಂಬುದು ಪ್ರಯತ್ನಕ್ಕಲ್ಲದೆ ಮನುಷ್ಯನಿಗೆ ಸಲ್ಲುವ ಪದ, ತಾನು ಹಿಡಿದ ಪ್ರಯೋಜನವನ್ನು ಯಾವನು ಪೂರ್ಣಗೊಳಿಸಿದನೋ ಅವನು ಕೃತಾರ್ಥ. ಇದರಲ್ಲಿ ಹಣವೂ ಬಾರದು, ಕೀರ್ತಿಯೂ ಬಾರದು. ‘ಸಮೃದ್ಧ’, ‘ಉತ್ತೀರ್ಣ’, ‘ಸಿದ್ಧ’ ಎಂಬ ಮೂರೂ ಭೂತಾರ್ಥದ ಕ್ತಪ್ರತ್ಯಯಾಂತಗಳು. ಮೊದಲನೆಯದು ಸಂಪತ್ತಿಗೆ, ಎರಡನೆಯದು ದಾಟಿದ ಪರೀಕ್ಷೆಗೆ, ಮೂರನೆಯದು ಮುಗಿದ ಕಾರ್ಯಕ್ಕೆ. ಇಂಗ್ಲಿಷಿನ ‘ಸಕ್ಸೆಸ್‌ಫುಲ್’ ಎಂಬ ಒಂದೇ ಪದವು ಪರೀಕ್ಷೆಯಲ್ಲಿ ಉತ್ತೀರ್ಣನಾದವನಿಗೂ, ಸಮೃದ್ಧನಾದ ವರ್ತಕನಿಗೂ, ಸಫಲವಾದ ಚಿಕಿತ್ಸೆಗೂ, ಕೃತಾರ್ಥನಾದ ಗುರುವಿಗೂ ಸಲ್ಲುತ್ತದೆ. ಎಲ್ಲಕ್ಕೂ ‘ಯಶಸ್ವಿ’ ಎಂದೇ ಬರೆಯುವವನು, ಮನೆಯಲ್ಲಿ ನಾಲ್ಕು ದೀಪಗಳಿದ್ದರೂ ಮೂರನ್ನು ಆರಿಸಿ ಒಂದರಿಂದಲೇ ನಡೆಸಿದಂತಾಗುತ್ತದೆ.

ಯೋಗ್ಯತೆಯ ಕಡೆಗೆ ಬಂದರೆ, ‘ಭಾವಿ’ ಎಂಬುದು ಮುಂದೆ ಆಗಲಿರುವುದು. ‘ಭಾವಿ ಅಳಿಯ’ ಎಂದಾಗ ಅಳಿಯನಾಗಲಿರುವನೆಂದು ತಿಳಿಯುತ್ತದೆಯೇ ಹೊರತು ಅವನ ಗುಣವೇನೂ ತಿಳಿಯುವುದಿಲ್ಲ. ಇದು ಕೇವಲ ಕಾಲವಾಚಕ. ‘ಜಿಗೀಷು’, ‘ವಿಜಿಗೀಷು’ ಎಂಬ ಪದಗಳು ಸನ್ನಂತಗಳು. ಗೆಲ್ಲಬೇಕೆಂಬ ಇಚ್ಛೆಯನ್ನು ಹೇಳುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಜಿಗೀಷುವೆಂದರೆ ಜಯವನ್ನು ಬಯಸುವ ಅರಸು. ಇಂಗ್ಲಿಷಿನ ‘ಆಸ್ಪೈರಿಂಗ್’, ‘ಆಂಬಿಷಸ್’ ಎಂಬ ಪದಗಳಿಗೆ ಇವು ಸಮೀಪ. ಇಚ್ಛೆಯು ಅವನದು, ಯೋಗ್ಯತೆಯನ್ನು ಕಾಣುವವರು ಇತರರು. ಆದುದರಿಂದ ‘ಆಸ್ಪೈರಿಂಗ್’ ಮತ್ತು ‘ಪ್ರಾಮಿಸಿಂಗ್’ ಎಂಬವು ಪರ್ಯಾಯಗಳಲ್ಲ. ಬಯಸುವವರೆಲ್ಲರೂ ಬೆಳೆಯುವವರಲ್ಲ.

‘ಉದಯೋನ್ಮುಖ’ವೆಂಬುದು ಉದಯದ ಕಡೆಗೆ ಮುಖವೆತ್ತಿರುವುದು. ಪದವು ಸುಂದರವಾದುದೇ, ಆದರೆ ಉದಯಕ್ಕೆ ಮುಂಚಿನ ಅಲ್ಪಕಾಲಕ್ಕೆ ಮಾತ್ರ ಸಲ್ಲುವುದು. ‘ವರ್ಧಿಷ್ಣು’ ಎಂಬುದು ಇದಕ್ಕಿಂತ ಗಂಭೀರವಾದ ಪದ. ಇದು ವೃಧುಧಾತುವಿನ ಮೇಲೆ ಇಷ್ಣುಚ್ ಪ್ರತ್ಯಯ ಬಂದು ಆದುದು. ಪಾಣಿನಿಯು ಈ ಪ್ರತ್ಯಯವನ್ನು ಶೀಲ, ಧರ್ಮ, ಚೆನ್ನಾಗಿ ಮಾಡುವಿಕೆ ಎಂಬ ಅರ್ಥಗಳಲ್ಲಿ ವಿಧಿಸಿದ್ದಾನೆ. ‘ಸಹಿಷ್ಣು’ವೆಂದರೆ ಸಹಿಸುವುದೇ ಸ್ವಭಾವವಾಗಿ ಉಳ್ಳವನು, ಹಾಗೆಯೇ ‘ವರ್ಧಿಷ್ಣು’ವೆಂದರೆ ಬೆಳೆಯುವುದೇ ಸ್ವಭಾವವಾಗಿ ಉಳ್ಳವನು. ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ದೊರೆಯುತ್ತದೆ. ಫಲವು ನಾಳೆಯದಾದರೂ ಬೆಳೆಯುವ ಶೀಲವು ಇಂದಿನದು. ವಿಶೇಷಣವು ಹೇಳುವುದು ಆ ಶೀಲವನ್ನು.

ಇನ್ನು ‘ಭರವಸೆಯ ಕವಿ’, ‘ಉಜ್ವಲ ಭವಿಷ್ಯವುಳ್ಳ ವಿದ್ಯಾರ್ಥಿ’ ಎಂಬ ಎರಡು ಪ್ರಯೋಗಗಳು. ಭರವಸೆಯೆಂದರೆ ನಂಬಿಕೆ. ‘ಭರವಸೆಯ ಕವಿ’ ಎಂದಾಗ ನಂಬಿಕೆ ಯಾರದು, ಕವಿಯದೋ ಓದುಗನದೋ, ಎಂಬುದು ಷಷ್ಠೀವಿಭಕ್ತಿಯಿಂದ ಸ್ಪಷ್ಟವಾಗುವುದಿಲ್ಲ. ‘ಭರವಸೆ ಹುಟ್ಟಿಸುವ ಕವಿ’ ಎಂದರೆ ಅರ್ಥ ನಿಲ್ಲುತ್ತದೆ. ‘ಉಜ್ವಲ’ವೆಂಬುದರ ಶುದ್ಧರೂಪ ‘ಉಜ್ಜ್ವಲ’ವೆಂಬುದನ್ನು ಉಪಾಧ್ಯಾಯರಿಗೆ ಹೇಳಬೇಕಾಗಿಲ್ಲ. ಅದು ಹತ್ತಿ ಉರಿಯುವ ಬೆಂಕಿಗೆ ಸಲ್ಲುವ ಪದ. ಈ ನುಡಿಗಟ್ಟಿನಲ್ಲಿ ಹೊಗಳಿಕೆಯೆಲ್ಲವೂ ಭವಿಷ್ಯಕ್ಕೆ ಸಂದು, ವಿದ್ಯಾರ್ಥಿಯಲ್ಲಿ ಇಂದು ಏನಿದೆ ಎಂಬುದು ಹೇಳದೆಯೇ ಉಳಿಯುತ್ತದೆ. ಭವಿಷ್ಯವನ್ನು ಹೇಳುವುದು ಜೋಯಿಸನ ಕೆಲಸ. ಉಪಾಧ್ಯಾಯನು ಹೇಳಬೇಕಾದುದು ವಿದ್ಯಾರ್ಥಿಯ ವರ್ತಮಾನವನ್ನು.

೪

ಸಂಸ್ಕೃತದ ಪದಗಳನ್ನು ಬಿಟ್ಟು ಅಚ್ಚಕನ್ನಡದ ಕಡೆಗೆ ನೋಡಿದರೆ ಬೇರೊಂದು ವ್ಯವಸ್ಥೆ ಕಾಣುತ್ತದೆ. ಕನ್ನಡದಲ್ಲಿ ಸಹಜವಾದ ಗುಣವಾಚಕಗಳು ಕಡಿಮೆ. ಆ ಕೊರತೆಯನ್ನು ಕೃದಂತಗಳು ತುಂಬುತ್ತವೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕೃಲ್ಲಿಂಗವನ್ನು ಲಿಂಗಭೇದಗಳಲ್ಲಿ ಒಂದಾಗಿ ಎಣಿಸಿ, ಭೂತಕಾಲಕ್ಕೆ ದಕಾರವನ್ನೂ ಭವಿಷ್ಯತ್ಕಾಲಕ್ಕೆ ವಕಾರವನ್ನೂ ಹೇಳಿದ್ದಾನೆ. ಈ ಎರಡು ಅಕ್ಷರಗಳಲ್ಲಿಯೇ ಸಿದ್ಧಿ ಮತ್ತು ಯೋಗ್ಯತೆಗಳ ಭೇದವೆಲ್ಲವೂ ಅಡಗಿದೆ.

ಉತ್ತರಪಿನಾಕಿನಿಯ ದಡದ ಗೌರಿಬಿದನೂರಿನ ಸೀಮೆಯನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ೨೦೦೭ರಲ್ಲಿ ಕೋಲಾರ ಜಿಲ್ಲೆಯಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಈ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಮನೆಮಾತುಗಳು. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣಪ್ಪನವರು ಎರಡು ಭಾಷೆಗಳಲ್ಲಿಯೂ ಹಾಡಿದವರು. ಇಲ್ಲಿಯ ಜನರು ಏಳಿಗೆ ಹೊಂದಿದವನನ್ನು ‘ಮುಂದೆ ಬಂದವನು’ ಎನ್ನುತ್ತಾರೆ. ಏಳಿಗೆ ಹೊಂದುವ ಲಕ್ಷಣವುಳ್ಳ ಹುಡುಗನನ್ನು ‘ಮುಂದೆ ಬರುವ ಹುಡುಗ’ ಎನ್ನುತ್ತಾರೆ. ತೆಲುಗಿನಲ್ಲಿ ಮಾತಾಡುವಾಗ ಮೊದಲನೆಯವನು ‘ಪೈಕೊಚ್ಚಿನವಾಡು’, ಎರಡನೆಯವನು ‘ಪೈಕೊಚ್ಚೇವಾಡು’. ಎರಡು ಭಾಷೆಗಳಲ್ಲಿಯೂ ಧಾತು ಒಂದೇ, ಕಾಲ ಮಾತ್ರ ಬೇರೆ. ಇಂಗ್ಲಿಷಿನಲ್ಲಿ ‘ಸಕ್ಸೆಸ್‌ಫುಲ್’ ಮತ್ತು ‘ಪ್ರಾಮಿಸಿಂಗ್’ ಎಂಬ ಪದಗಳಿಗೆ ಹುಟ್ಟಿನ ಸಂಬಂಧವೇ ಇಲ್ಲ. ಕನ್ನಡದಲ್ಲಾದರೋ ಅವು ಒಂದೇ ದಾರಿಯ ಎರಡು ಮಜಲುಗಳು.

ಈ ವಕಾರಾಂತ ಕೃದಂತಕ್ಕೆ ಭವಿಷ್ಯತ್ತು ಮಾತ್ರವೇ ಅರ್ಥವಲ್ಲ. ‘ಓದುವ ಹುಡುಗ’ ಎಂದರೆ ಓದುವುದೇ ಸ್ವಭಾವವಾದ ಹುಡುಗ. ‘ದುಡಿಯುವ ಎತ್ತು’ ಎಂದರೆ ಮೈಗಳ್ಳತನವಿಲ್ಲದ ಎತ್ತು. ‘ಕರೆಯುವ ಹಸು’ ಎಂದರೆ ಹಾಲು ಕೊಡುತ್ತಿರುವ ಹಸು. ಶೀಲವೂ ಭವಿಷ್ಯತ್ತೂ ಒಂದೇ ರೂಪದಲ್ಲಿ ಕೂಡಿರುವುದರಿಂದ ‘ಬೆಳೆಯುವ’ ಎಂಬ ಪದವು ‘ವರ್ಧಿಷ್ಣು’ವೆಂಬುದಕ್ಕೆ ಸರಿಸಮನಾಗುತ್ತದೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯಲ್ಲಿ ಈ ಕೂಡಿಕೆಯೇ ಇದೆ. ಸಿರಿಯು ಮುಂದಿನದು, ಮೊಳಕೆಯು ಇಂದಿನದು. ‘ಪುವ್ವು ಪುಟ್ಟಗಾನೇ ಪರಿಮಳಿಸ್ತುಂದಿ’ ಎಂಬ ತೆಲುಗು ಗಾದೆ ಇದರ ಸೋದರಿ. ಹಿಂದಿಯ ‘ಹೋನಹಾರ್’ ಎಂಬ ಪದವೂ ‘ಆಗು’ ಎಂಬ ಧಾತುವಿನಿಂದಲೇ ಹುಟ್ಟಿ ಇದೇ ಅರ್ಥವನ್ನು ಕೊಡುತ್ತದೆ.

ಕನ್ನಡದ ಧಾತುವು ಈ ಎರಡು ಮಜಲುಗಳಿಗೇ ನಿಲ್ಲುವುದಿಲ್ಲ. ‘ಮುಂದೆ ಬರು’ ಎಂಬ ಒಂದೇ ಕ್ರಿಯೆಯಿಂದ ಇಂಗ್ಲಿಷಿನ ಅನೇಕ ವಿಶೇಷಣಗಳ ಅರ್ಥವನ್ನು ಬೇರೆಬೇರೆಯಾಗಿ ತೆಗೆಯಬಹುದು. ‘ಮುಂದೆ ಬರಬೇಕೆಂದಿರುವ’ ಎಂದರೆ ‘ಆಸ್ಪೈರಿಂಗ್’. ಇಲ್ಲಿ ಇಚ್ಛೆ ಮಾತ್ರ ಉಂಟು. ‘ಮುಂದೆ ಬರಬಹುದಾದ’ ಎಂದರೆ ‘ಪೊಟೆನ್ಷಿಯಲ್’; ಇಲ್ಲಿ ಬಾಧಕವಿಲ್ಲವೆಂದಷ್ಟೇ ಹೇಳಿದಂತಾಯಿತು. ‘ಮುಂದೆ ಬರಬಲ್ಲ’ ಎಂದರೆ ಶಕ್ತಿಯುಂಟೆಂದು ನಿರ್ಣಯಿಸಿದಂತೆ. ‘ಮುಂದೆ ಬರುವ’ ಎಂದರೆ ಶಕ್ತಿಯ ಜೊತೆಗೆ ಶೀಲವೂ ಕಂಡಿದೆ, ಇದೇ ‘ಪ್ರಾಮಿಸಿಂಗ್’. ‘ಮುಂದೆ ಬರುತ್ತಿರುವ’ ಎಂದರೆ ಕ್ರಿಯೆಯು ಆರಂಭವಾಗಿ ಲೋಕದ ಕಣ್ಣಿಗೆ ಬಿದ್ದಿದೆ. ಇದು ‘ಅಪ್ ಅಂಡ್ ಕಮಿಂಗ್’. ‘ಮುಂದೆ ಬಂದ’ ಎಂದರೆ ಸಿದ್ಧಿ. ‘ಮುಂದೆ ಬಾರದ’ ಎಂಬ ನಿಷೇಧರೂಪವೂ ಉಂಟು. ಅದನ್ನು ಎಳೆಯರ ವಿಷಯದಲ್ಲಿ ಬಳಸಲು ಯಾರಿಗೂ ಅಧಿಕಾರವಿಲ್ಲ. ಇಷ್ಟು ಸೂಕ್ಷ್ಮವಾದ ಶ್ರೇಣಿಯು ಬಾಯಿಮಾತಿನಲ್ಲಿಯೇ ಇರುವಾಗ ಬರವಣಿಗೆಯು ‘ಯಶಸ್ವಿ’ ಮತ್ತು ‘ಉಜ್ವಲ’ಗಳಲ್ಲಿ ಸಿಕ್ಕಿಕೊಂಡಿರುವುದು ವಿಷಾದಕರ.

ಬೇಸಾಯದ ಮಾತುಗಳಲ್ಲಿಯೂ ಇದೇ ವಿವೇಕವಿದೆ. ಮೊಳಕೆ, ಪೈರು, ತೆನೆ, ಹಾಲು ತುಂಬಿದ ಕಾಳು, ಬಲಿತ ಕಾಳು ಎಂಬ ಅವಸ್ಥೆಗಳಲ್ಲಿ ಒಂದರ ಹೆಸರನ್ನು ಮತ್ತೊಂದಕ್ಕೆ ರೈತನು ಹೇಳುವುದಿಲ್ಲ. ಪೈರು ಹುಲುಸಾಗಿದ್ದರೂ ಕಾಳು ಜೊಳ್ಳಾಗಬಹುದೆಂಬುದು ಅವನಿಗೆ ಗೊತ್ತು. ಫಲ ಸಿಕ್ಕೇ ಸಿಕ್ಕಿತೆಂಬಲ್ಲಿ ತಪ್ಪಿಹೋದರೆ ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎನ್ನುತ್ತಾನೆ. ಫಲಕ್ಕೆ ಮೊದಲೇ ಸಂಭ್ರಮಪಟ್ಟವನನ್ನು ಕಂಡರೆ ‘ಕೂಸು ಹುಟ್ಟುವ ಮುನ್ನ ಕುಲಾವಿ’ ಎನ್ನುತ್ತಾನೆ. ಮುನ್ನುಡಿಗಳನ್ನು ಬರೆಯುವ ವಿಮರ್ಶಕರು ಈ ಎರಡನೆಯ ಗಾದೆಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದ ಕಡೆಯ ಮಾತೊಂದು ಇನ್ನೂ ಸ್ವಾರಸ್ಯವಾದುದು. ಹಿಪ್ಪುನೇರಳೆ ಸೊಪ್ಪನ್ನು ತಿಂದು, ಜ್ವರವೆಂದು ಕರೆಯುವ ಪೊರೆಬಿಡುವ ಅವಸ್ಥೆಯನ್ನು ನಾಲ್ಕು ಸಲ ದಾಟಿ, ಮೇವನ್ನು ಬಿಟ್ಟು ಮೈಯೆಲ್ಲ ತಿಳಿಯಾದ ಹುಳುವನ್ನು ‘ಹಣ್ಣಾದ ಹುಳು’ ಎನ್ನುತ್ತಾರೆ. ಮಾವು ಹಣ್ಣಾದರೆ ಅದು ಫಲದ ಕೊನೆ. ಹುಳು ಹಣ್ಣಾದರೆ ಫಲವು ಇನ್ನು ಮುಂದೆ ಬರತಕ್ಕದ್ದು. ಆ ಹುಳುವನ್ನು ಆರಿಸಿ ಚಂದ್ರಿಕೆಯ ಮೇಲೆ ಬಿಟ್ಟರೆ ಮಾತ್ರ ಗೂಡು ಕಟ್ಟುತ್ತದೆ. ಒಂದೇ ವಿಶೇಷಣವು ಒಂದು ಕಡೆ ಸಿದ್ಧಿವಾಚಕವಾಗಿಯೂ ಮತ್ತೊಂದು ಕಡೆ ಯೋಗ್ಯತಾವಾಚಕವಾಗಿಯೂ ನಡೆಯುವುದಕ್ಕೆ ಇದು ಒಳ್ಳೆಯ ಉದಾಹರಣೆ. ಹಣ್ಣಾದ ಹುಳು ಸಿಕ್ಕಿತೆಂದು ಗೂಡಿನ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ; ಚಂದ್ರಿಕೆಯನ್ನು ಹುಡುಕುತ್ತಾರೆ.

೫

ಚಂದ್ರಿಕೆಯ ಮಾತು ನ್ಯಾಯಶಾಸ್ತ್ರದ ಒಂದು ವಿಚಾರಕ್ಕೆ ದಾರಿ ತೋರುತ್ತದೆ. ನೈಯಾಯಿಕರು ಕಾರಣತ್ವವನ್ನು ಎರಡು ವಿಧವಾಗಿ ಹೇಳುತ್ತಾರೆ. ಸ್ವರೂಪಯೋಗ್ಯತೆ ಒಂದು, ಫಲೋಪಧಾಯಕತೆ ಮತ್ತೊಂದು. ಕಾಡಿನಲ್ಲಿ ಬಿದ್ದಿರುವ ಕೋಲು ಗಡಿಗೆಯನ್ನು ಮಾಡಲು ಸ್ವರೂಪದಿಂದ ಯೋಗ್ಯವಾದುದು. ಕುಂಬಾರನ ಕೈಯಲ್ಲಿ ಚಕ್ರವನ್ನು ತಿರುಗಿಸುತ್ತಿರುವ ಕೋಲು ಫಲವನ್ನು ಕೊಡುತ್ತಿರುವುದು. ಕೋಲಿನ ಜಾತಿ ಒಂದೇ. ಒಂದಕ್ಕೆ ಕುಂಬಾರನು ದೊರೆತಿದ್ದಾನೆ, ಮತ್ತೊಂದಕ್ಕೆ ದೊರೆತಿಲ್ಲ. ‘ಪ್ರಾಮಿಸಿಂಗ್’ ಎಂಬುದು ಮೊದಲನೆಯ ಕೋಲಿಗೆ, ‘ಸಕ್ಸೆಸ್‌ಫುಲ್’ ಎಂಬುದು ಎರಡನೆಯದಕ್ಕೆ ಸಲ್ಲುವ ವಿಶೇಷಣ.

ಬೌದ್ಧರೊಡನೆ ನೈಯಾಯಿಕರಿಗೆ ನಡೆದ ವಾದದಲ್ಲಿ ಇದು ಬೀಜದ ದೃಷ್ಟಾಂತದಿಂದ ಚರ್ಚಿತವಾಗಿದೆ. ಕಣಜದಲ್ಲಿರುವ ಬೀಜವು ಮೊಳೆಯುವುದಿಲ್ಲ. ಹೊಲದಲ್ಲಿರುವ ಬೀಜವು ಮೊಳೆಯುತ್ತದೆ. ಕ್ಷಣಿಕವಾದಿಗಳಾದ ಬೌದ್ಧರು, ಮೊಳೆಯುವ ಕ್ಷಣದ ಬೀಜವೇ ಬೇರೆಯೆಂದೂ ಅದರಲ್ಲಿ ಮಾತ್ರ ‘ಕುರ್ವದ್ರೂಪ’ವೆಂಬ ಅತಿಶಯವಿದೆಯೆಂದೂ ಹೇಳಿದರು. ಅವರ ಮತದಲ್ಲಿ ಫಲವನ್ನು ಕೊಡುತ್ತಿರುವುದೇ ಸಮರ್ಥ; ಕೊಡದಿರುವುದು ಅಸಮರ್ಥ. ಉದಯನಾಚಾರ್ಯನು ಆತ್ಮತತ್ತ್ವವಿವೇಕದಲ್ಲಿ ಈ ಪಕ್ಷವನ್ನು ಖಂಡಿಸಿದನು. ಬೀಜವು ಒಂದೇ, ಕಣಜದಲ್ಲಿ ಅದಕ್ಕೆ ನೆಲ, ನೀರು ಮೊದಲಾದ ಸಹಕಾರಿಗಳು ಸೇರಿಲ್ಲ, ಹೊಲದಲ್ಲಿ ಸೇರಿವೆ. ಫಲವು ಬಾರದಿರುವುದಕ್ಕೆ ಸಹಕಾರಿಗಳ ಅಭಾವವು ಕಾರಣವಾದುದರಿಂದ, ಫಲ ಬರಲಿಲ್ಲವೆಂದು ಬೀಜವನ್ನು ಅಸಮರ್ಥವೆನ್ನಲಾಗದು.

ವಿದ್ಯಾರ್ಥಿಯ ವಿಷಯದಲ್ಲಿ ಈ ಎರಡು ಮತಗಳೂ ಇಂದಿಗೂ ಶಾಲೆಗಳಲ್ಲಿ ನಡೆಯುತ್ತಿವೆ. ಹೆಸರು ಮಾತ್ರ ಇಲ್ಲ. ಅಂಕಪಟ್ಟಿಯೊಂದನ್ನೇ ನೋಡಿ ಸಾಮರ್ಥ್ಯವನ್ನು ನಿರ್ಣಯಿಸುವ ಉಪಾಧ್ಯಾಯನು ತಿಳಿಯದೆಯೇ ಕ್ಷಣಿಕವಾದಿಯಾಗಿದ್ದಾನೆ. ಮಳೆಗಾಲದಲ್ಲಿ ಬಿತ್ತನೆಗೂ ಸುಗ್ಗಿಯಲ್ಲಿ ಕಣಕ್ಕೂ ಹೋಗಿ, ಉಳಿದ ದಿನಗಳಲ್ಲಿ ಓದಿ, ಕಷ್ಟದಿಂದ ತೇರ್ಗಡೆಯಾದ ಹಳ್ಳಿಯ ಹುಡುಗನಿಗೆ ‘ಸಾಧಾರಣ’ವೆಂಬ ವಿಶೇಷಣವನ್ನು ಅವನು ಬರೆದುಕೊಡುತ್ತಾನೆ. ಆ ಒಂದು ಪದದಿಂದ ಮುಂದಿನ ವಿದ್ಯಾಲಯದ ಬಾಗಿಲು ಮುಚ್ಚಬಹುದು. ಅದೇ ಹುಡುಗನನ್ನು ‘ಮುಂದೆ ಬರಬಲ್ಲವನು, ಓದಲು ಬಿಡುವು ದೊರೆಯಬೇಕಾಗಿದೆ’ ಎಂದು ಬರೆಯುವವನು ಉದಯನನ ಪಕ್ಷದವನು. ಇಬ್ಬರಲ್ಲಿ ಎರಡನೆಯವನೇ ಹೆಚ್ಚು ಸತ್ಯವನ್ನು ಹೇಳಿದವನೆಂಬುದು ವಿಚಾರಿಸಿದರೆ ತಿಳಿಯುತ್ತದೆ.

೬

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರ ಜೀವನವು ಈ ವಿಚಾರಕ್ಕೆ ಲೋಕಪ್ರಸಿದ್ಧವಾದ ದೃಷ್ಟಾಂತ. ಬಡಮನೆಯ ಈ ಬಾಲಕನು ೧೯೩೫ರಲ್ಲಿ ಕಾಲುನಡಿಗೆಯಿಂದಲೇ ಬೆಂಗಳೂರಿಗೆ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಿದನು. ಆ ದಾರಿಯಲ್ಲಿ ನಡೆಯುತ್ತಿದ್ದ ಹುಡುಗನಿಗೆ ಯಾವ ವಿಶೇಷಣ ಸಲ್ಲುತ್ತಿತ್ತು? ಯಶಸ್ಸು ಇರಲಿಲ್ಲ; ಉದಯವೂ ದೂರದಲ್ಲಿತ್ತು; ಭವಿಷ್ಯವು ಉಜ್ಜ್ವಲವೆಂದು ಹೇಳುವುದಕ್ಕೆ ಕಾಲಿನ ಧೂಳಲ್ಲದೆ ಬೇರೆ ಆಧಾರವಿರಲಿಲ್ಲ. ಆದರೆ ನಡೆಯುತ್ತಿದ್ದನೆಂಬುದು ನಿಜ. ‘ಮುಂದೆ ಬರುವ ಹುಡುಗ’ ಎಂಬ ಮಾತು ಅವನಲ್ಲಿ ಶಬ್ದಾರ್ಥದಿಂದಲೂ ಸತ್ಯವಾಗಿತ್ತು. ಬೀಜಕ್ಕೆ ನೆಲವು ಬೆಂಗಳೂರಿನಲ್ಲಿ ದೊರೆಯಿತು. ಶಾಲೆಯು ಸೇರಿಸಿಕೊಳ್ಳದೆ ಹೋಗಿದ್ದರೆ ಯೋಗ್ಯತೆಯು ಕಾಡಿನ ಕೋಲಿನಂತೆ ಉಳಿಯುತ್ತಿತ್ತು.

ಮುಂದೆ ಅವರು ಭೌತಶಾಸ್ತ್ರದಲ್ಲಿ ಪದವೀಧರರಾಗಿ, ೧೯೪೬ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾಗಿ, ೧೯೬೦ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟನ್ನು ಪಡೆದು, ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ೨೦೦೫ರಲ್ಲಿ ತೀರಿಕೊಂಡರು. ಈ ಅವಸ್ಥೆಗೆ ಇಂಗ್ಲಿಷಿನವನು ‘ಸಕ್ಸೆಸ್‌ಫುಲ್’ ಎಂದು ಒಂದೇ ಪದವನ್ನು ಹೇಳಿ ಮುಗಿಸುತ್ತಾನೆ. ಕನ್ನಡದಲ್ಲಿ ಆಯ್ಕೆ ಮಾಡಬೇಕಾಗುತ್ತದೆ. ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೇ ವಾಸವಾಗಿದ್ದು, ಖಾದಿಯನ್ನುಟ್ಟು, ಅವಿವಾಹಿತರಾಗಿ ಬಾಳಿದವರನ್ನು ‘ಸಮೃದ್ಧ’ರೆನ್ನುವುದು ಸಲ್ಲದು. ‘ಯಶಸ್ವಿ’ ಎಂದರೆ ಕೀರ್ತಿ ಇದ್ದುದರಿಂದ ತಪ್ಪಾಗದು, ಆದರೆ ಪೂರ್ತಿಯಾಗದು. ತಮ್ಮ ಸೀಮೆಯ ಮಕ್ಕಳು ತಮ್ಮಂತೆ ನಡೆದುಹೋಗಬೇಕಾಗದಿರಲೆಂಬಂತೆ ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ನ್ಯಾಷನಲ್ ಕಾಲೇಜುಗಳು ಹುಟ್ಟುವುದಕ್ಕೆ ಕಾರಣರಾದವರಿಗೆ ತಕ್ಕ ಪದ ‘ಕೃತಾರ್ಥ’. ತಾನು ಮೊಳೆತ ಮೇಲೆ ಇತರ ಬೀಜಗಳಿಗೆ ನೆಲವಾದುದೇ ಅವರ ಅರ್ಥಸಿದ್ಧಿ.

ಇದೇ ಜಿಲ್ಲೆಯ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಪೂರ್ವಚರಿತ್ರೆಯೂ ಇದನ್ನೇ ಸಾರುತ್ತದೆ. ಚಿಕ್ಕಬಳ್ಳಾಪುರದ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಪುಣೆಯಲ್ಲಿ ಓದಲು ಮೈಸೂರು ಸರ್ಕಾರದ ಸಹಾಯ ಎಂಬಿವು ಒಂದಾದಮೇಲೊಂದು ಸೇರಿದುವು. ಓದುವಾಗ ಪಾಠ ಹೇಳಿ ಹೊಟ್ಟೆಹೊರೆದ ತರುಣನು ೧೯೧೨ರಲ್ಲಿ ಮೈಸೂರಿನ ದಿವಾನನಾದನು. ಅವರ ದಿವಾನಗಿರಿಯಲ್ಲಿಯೇ, ೧೯೧೫ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು. ಸಿದ್ಧಿಯನ್ನು ಪಡೆದವನ ಚರಿತ್ರೆಯನ್ನು ಬರೆಯುವವರು ಅವನ ಯೋಗ್ಯತೆಯನ್ನು ವಿಸ್ತಾರವಾಗಿ ವರ್ಣಿಸಿ ಸಹಕಾರಿಗಳನ್ನು ಒಂದು ವಾಕ್ಯದಲ್ಲಿ ಮುಗಿಸುವುದುಂಟು. ಶಾಸ್ತ್ರದ ದೃಷ್ಟಿಯಲ್ಲಿ ಇದು ಅರ್ಧಕಾರಣವನ್ನು ಹೇಳಿದಂತೆ.

೭

ಮೇಲಿನ ವಿಚಾರದಿಂದ ಪ್ರಯೋಗಕ್ಕೆ ಉಪಯುಕ್ತವಾದ ಕೆಲವು ಅಂಶಗಳು ಸಿದ್ಧವಾಗುತ್ತವೆ. ‘ಸಕ್ಸೆಸ್‌ಫುಲ್’ ಎಂಬುದಕ್ಕೆ ವಿಶೇಷ್ಯವನ್ನು ನೋಡಿ ಪದವನ್ನು ಆರಿಸತಕ್ಕದ್ದು. ಪರೀಕ್ಷೆಗೆ ‘ತೇರ್ಗಡೆಯಾದ, ಉತ್ತೀರ್ಣ’, ಪ್ರಯತ್ನಕ್ಕೆ ‘ಸಫಲ, ಕೈಗೂಡಿದ’, ಸ್ಪರ್ಧೆಗೆ ‘ಗೆದ್ದ’, ಸಂಪತ್ತಿಗೆ ‘ಸಮೃದ್ಧ’, ಜೀವನೋದ್ದೇಶಕ್ಕೆ ‘ಕೃತಾರ್ಥ’, ಕೀರ್ತಿ ಕೂಡಿದ ಸಾಧನೆಗೆ ‘ಯಶಸ್ವಿ’. ‘ಪ್ರಾಮಿಸಿಂಗ್’ ಎಂಬುದಕ್ಕೆ ಮನುಷ್ಯನ ವಿಷಯದಲ್ಲಿ ‘ಮುಂದೆ ಬರುವ’, ‘ಬೆಳೆಯುವ’ ಎಂಬ ದೇಶ್ಯರೂಪಗಳೂ, ಪ್ರೌಢವಾದ ಬರವಣಿಗೆಯಲ್ಲಿ ‘ವರ್ಧಿಷ್ಣು’ವೂ ತಕ್ಕವು. ಕೃತಿಯ ವಿಷಯದಲ್ಲಿ ‘ಭರವಸೆ ಹುಟ್ಟಿಸುವ’ ಎನ್ನಬಹುದು. ‘ಉದಯೋನ್ಮುಖ’ವು ಮೊದಲ ಕೃತಿಗೂ ಹೆಚ್ಚೆಂದರೆ ಎರಡನೆಯದಕ್ಕೂ ಸಲ್ಲುವುದು, ಅನಂತರ ಸೂರ್ಯನು ಮೂಡಿರಬೇಕು, ಇಲ್ಲವೆ ಮಾತನ್ನು ಬದಲಿಸಬೇಕು.

ಇದಕ್ಕಿಂತ ಮುಖ್ಯವಾದ ಅಂಶವೊಂದುಂಟು. ಸಿದ್ಧಿವಾಚಕವಾದ ವಿಶೇಷಣವು ಹೇಳಿದಲ್ಲಿಗೆ ಮುಗಿಯುತ್ತದೆ. ಅದನ್ನು ಹೇಳಿದವನಿಗೆ ಮುಂದಿನ ಹೊಣೆಯಿಲ್ಲ. ಯೋಗ್ಯತಾವಾಚಕವಾದ ವಿಶೇಷಣವಾದರೋ ಆಕಾಂಕ್ಷೆಯುಳ್ಳದ್ದು. ಕ್ರಿಯಾಪದವಿಲ್ಲದ ವಾಕ್ಯವು ಹೇಗೆ ಇನ್ನೊಂದು ಪದವನ್ನು ಬೇಡುತ್ತದೆಯೋ ಹಾಗೆ ‘ಬೆಳೆಯುವ’ ಎಂಬ ಪದವು ಸಹಕಾರಿಯನ್ನು ಬೇಡುತ್ತದೆ. ಉಪಾಧ್ಯಾಯನು ವಿದ್ಯಾರ್ಥಿಯ ಯೋಗ್ಯತಾಪತ್ರದಲ್ಲಿ ಇಂಥ ಪದವನ್ನು ಬರೆದಾಗ, ಅವನಿಗೆ ಇನ್ನೂ ಬೇಕಾದುದು ಪುಸ್ತಕವೋ, ವಿದ್ಯಾರ್ಥಿವೇತನವೋ, ಇರುವುದಕ್ಕೆ ಎಡೆಯೋ ಎಂಬುದನ್ನು ಅದರ ಕೆಳಗೆ ಒಂದು ವಾಕ್ಯದಲ್ಲಿ ಸೇರಿಸುವುದು ಉಚಿತ. ಹಾಗೆ ಸೇರಿಸಿದರೆ ವಿಶೇಷಣವು ನಿರಾಕಾಂಕ್ಷವಾಗುತ್ತದೆ. ಸೇರಿಸದೆ ಬಿಟ್ಟರೆ ಪತ್ರವು ಕಣಜದ ಬಾಗಿಲಿನಲ್ಲಿ ಅಂಟಿಸಿದ ಚೀಟಿಯಂತೆ, ಒಳಗೆ ಒಳ್ಳೆಯ ಬೀಜವಿದೆಯೆಂದು ಸಾರುತ್ತ ಅಲ್ಲಿಯೇ ಉಳಿಯುತ್ತದೆ.